ಜೀನ್ಸ್ ವಾಷಿಂಗ್ ಯೂನಿಟ್‌ನಲ್ಲಿ ಕೆಮಿಕಲ್ ಚೆಲ್ಲಿದರೆ? ಮೊದಲೇ ಏನೇನು ಮಾಡಿಟ್ಟುಕೊಳ್ಳಬೇಕು (ಬಳ್ಳಾರಿ)

ಸ್ಟೋರ್_ಬಳ್ಳಾರಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಒಂದು ಜೀನ್ಸ್ ವಾಷಿಂಗ್ ಯೂನಿಟ್‌ನಲ್ಲಿ ಸ್ಟೋರ್, ಲೆಕ್ಕ ಎರಡೂ ನಾನೇ ನೋಡಿಕೊಳ್ಳುತ್ತೇನೆ. ದೊಡ್ಡ ಯೂನಿಟ್ ಏನಲ್ಲ. ನಾಲ್ಕು ವಾಷರ್, ಎರಡು ಹೈಡ್ರೋ (ಬಟ್ಟೆಯ ನೀರು ಹಿಂಡುವ ಮೆಷಿನ್), ಡ್ರೈಯರ್, ಹೊಟ್ಟು ಉರಿಸುವ ಒಂದು ಬಾಯ್ಲರ್.

ಹೋದ ವಾರ ಬ್ಲೀಚ್ ಕ್ಯಾನ್‌ಗಳನ್ನು ಗಾಡಿಯಿಂದ ಇಳಿಸುವಾಗ ಒಂದರ ತಳ ಒಡೆಯಿತು. ಸ್ಟೋರ್ ಬಾಗಿಲಿಂದ ವಾಷರ್ ಕಡೆ ಹೊಳೆ ಹರಿದ ಹಾಗೆ ಹರಿಯಿತು. ಒಬ್ಬ ಹುಡುಗ ಬಾಯ್ಲರ್ ಹತ್ತಿರ ಓಡಿ ಭತ್ತದ ಹೊಟ್ಟು ತಂದು ಸುರಿದ. ಇನ್ನೊಬ್ಬ "ಆಸಿಡ್ ಹಾಕಿದರೆ ಬ್ಲೀಚ್ ಸಾಯುತ್ತೆ" ಅಂತ ಅಸಿಟಿಕ್ ಕ್ಯಾನನ್ನೇ ಎತ್ತಿಕೊಂಡು ಬಂದ. ಮಾಸ್ಟರ್ ದೂರದಿಂದ ಕೂಗಿ ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ. ಕಣ್ಣು ಉರಿ, ಕೆಮ್ಮು, ಅಷ್ಟೇ.

ಈಗ ಓನರ್ "ಏನೋ ಸ್ಪಿಲ್ ಕಿಟ್ ಅಂತ ಬರುತ್ತಲ್ಲ, ತರಿಸಿಬಿಡು" ಅಂತಿದ್ದಾರೆ. ಮಾರುವವರು ಕ್ಯಾಟಲಾಗ್ ಕಳಿಸಿದ್ದಾರೆ. ನೋಡಿದರೆ ಒಂದೂ ಅರ್ಥ ಆಗುವುದಿಲ್ಲ. ನಮ್ಮ ಸ್ಟೋರ್ ಹತ್ತಡಿ-ಹನ್ನೆರಡಡಿ ರೂಮು. ಕಾಸ್ಟಿಕ್ ಸೋಡಾ ಚೀಲ, ಸೋಡಾ ಆಶ್, ಅಸಿಟಿಕ್ ಆಸಿಡ್, ಬ್ಲೀಚ್, ಪೆರಾಕ್ಸೈಡ್, ಪಿಪಿ, ಮೆಟಾ (ಸೋಡಿಯಂ ಮೆಟಾಬೈಸಲ್ಫೈಟ್ ಪುಡಿ) ಎಲ್ಲ ಅದರಲ್ಲೇ. ಕಿಟಕಿ ಒಂದೇ. ನೀರು ಮಹಡಿ ಮೇಲಿನ ಟ್ಯಾಂಕಿಂದ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತೇವೆ.

ಏನು ಕೊಳ್ಳಬೇಕು, ಎಲ್ಲಿ ಇಡಬೇಕು, ಯಾರಿಗೆ ಏನು ಹೇಳಿಕೊಡಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ.

ಪಿಕ್ಲಿಂಗ್_ಲೈನ್ ಉತ್ತರ:

ಅಕ್ಕ, ನಮಸ್ಕಾರ. ನಾನು ತೋರಣಗಲ್ಲು ಕಡೆಯವನು. ಉಕ್ಕಿನ ಶೀಟನ್ನು ಆಸಿಡ್‌ನಲ್ಲಿ ತೊಳೆಯುವ ಲೈನ್‌ನಲ್ಲಿ ಸೇಫ್ಟಿ ನೋಡುತ್ತೇನೆ. ನಮ್ಮಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಟ್ಯಾಂಕ್‌ಗಟ್ಟಲೆ ಇರುತ್ತದೆ, ನಿಮ್ಮಲ್ಲಿ ಕ್ಯಾನ್‌ಗಟ್ಟಲೆ. ಜನ ಗಾಬರಿಯಾಗುವ ರೀತಿ ಮಾತ್ರ ಎರಡೂ ಕಡೆ ಒಂದೇ.

ಮೊದಲು ನಿಮ್ಮ ಮಾಸ್ಟರ್‌ಗೆ ನನ್ನ ಕಡೆಯಿಂದ ಒಂದು ನಮಸ್ಕಾರ ಹೇಳಿ. ಬ್ಲೀಚ್ ಅಂದರೆ ಸೋಡಿಯಂ ಹೈಪೋಕ್ಲೋರೈಟ್. ಅದಕ್ಕೆ ಯಾವ ಆಸಿಡ್ ತಾಗಿದರೂ ಕ್ಲೋರಿನ್ ಗ್ಯಾಸ್ ಏಳುತ್ತದೆ. ಈ ಗ್ಯಾಸ್ ಗಾಳಿಗಿಂತ ಎರಡೂವರೆ ಪಟ್ಟು ಭಾರ. ಮೇಲೆ ಹೋಗುವುದಿಲ್ಲ, ನೆಲದ ಮೇಲೇ ಹರಡಿ ತಗ್ಗಿನಲ್ಲಿ ಕೂರುತ್ತದೆ. ಬಗ್ಗಿ ನೆಲ ಒರೆಸುತ್ತಿರುವ ಹುಡುಗನ ಮೂಗು ಎಲ್ಲಿರುತ್ತದೆ ಅಂತ ಯೋಚನೆ ಮಾಡಿ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 10 ಪಾಲು ಕ್ಲೋರಿನ್ ಇದ್ದರೆ ಸಾಕು, ಜೀವಕ್ಕೆ ಅಪಾಯ ಅಂತ ಲೆಕ್ಕ.

ಅದಕ್ಕೇ ಹೇಳೋದು, ಕಿಟ್ ಮಾತು ಆಮೇಲೆ. ಯಾವ ಕಿಟ್ಟೂ ನಿಮ್ಮ ಆ ರೂಮನ್ನು ಸರಿ ಮಾಡುವುದಿಲ್ಲ. ಯಾವುದರ ಪಕ್ಕ ಯಾವುದು ಕೂತಿದೆ ಅನ್ನುವುದರಲ್ಲೇ ಮುಕ್ಕಾಲು ಪಾಲು ಕೆಲಸ ಇದೆ.

ಇವತ್ತೇ ಒಂದು ಬಕೆಟ್ ನೀರಿಗೆ ಸ್ವಲ್ಪ ಬಣ್ಣ ಕಲಸಿ ಸ್ಟೋರ್ ನೆಲದ ಮೇಲೆ ಸುರಿಯಿರಿ. ಎಲ್ಲಿಗೆ ಹೋಗುತ್ತದೆ ನೋಡಿ. ವಾಷರ್ ಕಡೆಗಾ, ಇಟಿಪಿ (ಕೊಳೆ ನೀರು ಶುದ್ಧ ಮಾಡುವ ಘಟಕ) ಚರಂಡಿಗಾ, ಹೊರಗಿನ ಮಳೆ ಮೋರಿಗಾ? ಕ್ಯಾನ್ ಒಡೆದ ದಿನ ಕೆಮಿಕಲ್ಲೂ ಅದೇ ದಾರಿ ಹಿಡಿಯುತ್ತದೆ. ಖರ್ಚು ಒಂದು ಬಕೆಟ್ ನೀರು. ಎಷ್ಟೋ ಫ್ಯಾಕ್ಟರಿಗಳಲ್ಲಿ ಇದನ್ನೇ ಯಾರೂ ಮಾಡಿರುವುದಿಲ್ಲ.

ಆಮೇಲೆ ಸಾಮಾನು ಬೇರೆ ಬೇರೆ ಮಾಡಿ. ಬ್ಲೀಚನ್ನು ಆ ರೂಮಿಂದ ಹೊರಗೆ ಹಾಕಿ. ಬಿಸಿಲು ಬೀಳದ ಕಡೆ, ಮೇಲೊಂದು ಶೀಟು, ಸುತ್ತ ಗಾಳಿ. ಹೇಗಿದ್ದರೂ ನಮ್ಮ ಬಿಸಿಲಿಗೆ ಅದು ರೂಮಿನಲ್ಲಿ ಬೇಗ ಕೆಡುತ್ತದೆ. ಒಳಗೇ ಗ್ಯಾಸ್ ಬಿಟ್ಟು ಕ್ಯಾನ್ ಹೊಟ್ಟೆ ಉಬ್ಬುತ್ತದೆ. ಉಬ್ಬಿದ ಕ್ಯಾನನ್ನೇ ಎತ್ತಿ ಇಳಿಸುವಾಗ ತಳ ಬಿಡುವುದು. ಗಾಳಿ ಹೋಗುವ ಮುಚ್ಚಳ ಇದೆಯಾ ನೋಡಿ ತೆಗೆದುಕೊಳ್ಳಿ. ಏಪ್ರಿಲ್-ಮೇ ತಿಂಗಳಲ್ಲಿ ಒಂದೇ ಸಲ ಜಾಸ್ತಿ ತರಿಸಬೇಡಿ.

ಪೆರಾಕ್ಸೈಡ್‌ಗೆ ಇನ್ನೊಂದು ಮೂಲೆ, ಅದೂ ನೆರಳಲ್ಲಿ. ಅದರ ಕ್ಯಾನಿಂದ ಜಗ್‌ಗೆ ಬಗ್ಗಿಸಿದ್ದು ಉಳಿದರೆ ವಾಪಸ್ ಕ್ಯಾನಿಗೆ ಸುರಿಯಲೇಬಾರದು. ಒಂದು ಚೂರು ಕಸ, ತುಕ್ಕು ಒಳಗೆ ಹೋದರೂ ಅದು ಬಿಸಿಯಾಗಿ ಆಕ್ಸಿಜನ್ ಬಿಡುತ್ತದೆ. ಮುಚ್ಚಳ ಬಿಗಿ ಇದ್ದರೆ ಕ್ಯಾನ್ ಸಿಡಿಯುತ್ತದೆ. ಪಿಪಿ, ಅಂದರೆ ಪೊಟ್ಯಾಶಿಯಂ ಪರ್ಮಾಂಗನೇಟ್, ಒಣ ಜಾಗದಲ್ಲಿ ಅದರದೇ ಡಬ್ಬಿಯಲ್ಲಿ ಒಂಟಿಯಾಗಿರಲಿ. ಡ್ರೈಯರ್‌ನಿಂದ ಹಾರುವ ನೀಲಿ ನೂಲಿನ ಧೂಳು ಇರುತ್ತಲ್ಲ, ಅದು ಆ ಡಬ್ಬಿ ಮೇಲೆ ಕೂರಬಾರದು. ಪಿಪಿಗೆ ಹತ್ತಿ, ಮರದ ಪುಡಿ, ಎಣ್ಣೆ ಸಿಕ್ಕರೆ ತಾನೇ ಬೆಂಕಿ ಹೊತ್ತಿಸಬಲ್ಲದು. ಮೆಟಾ ಒಣಗಿರಲಿ, ಆಸಿಡ್‌ನಿಂದ ದೂರ ಇರಲಿ. ಎರಡೂ ಸೇರಿದರೆ ಗಂಧಕದ ಘಾಟು ಎದ್ದು ಉಬ್ಬಸ ಇದ್ದವರಿಗೆ ಉಸಿರೇ ಹಿಡಿಯುತ್ತದೆ.

ಅಸಿಟಿಕ್ ಬಗ್ಗೆ ಒಂದು ಮಾತು, ಇದು ನಮ್ಮ ಊರಿಗೇ ವಿಶೇಷ. ಗ್ಲೇಸಿಯಲ್, ಅಂದರೆ ನೀರು ಬೆರೆಸದ ಅಸಿಟಿಕ್ ಆಸಿಡ್ ಸುಮಾರು 39-40 ಡಿಗ್ರಿ ದಾಟಿದರೆ ಬೆಂಕಿ ಹಿಡಿಯುವಷ್ಟು ಆವಿ ಬಿಡುತ್ತದೆ. ತಣ್ಣನೆ ಊರುಗಳಲ್ಲಿ ಇದು ಪುಸ್ತಕದ ಮಾತು. ಬಳ್ಳಾರಿಯಲ್ಲಿ ಮೇ ತಿಂಗಳ ಮಧ್ಯಾಹ್ನ ನಿಮ್ಮ ಸ್ಟೋರ್ ಒಳಗೆ ಎಷ್ಟಿರುತ್ತದೆ? ಬಾಯ್ಲರ್ ಗೋಡೆಯ ಈಚೆ ಅಸಿಟಿಕ್ ಇಟ್ಟಿದ್ದರೆ ಇವತ್ತೇ ತೆಗೆಸಿ.

ರೂಮಿನ ಹೊಸ್ತಿಲಿಗೆ ನಾಲ್ಕು ಇಂಚು ಸಿಮೆಂಟ್ ಕಟ್ಟೆ ಕಟ್ಟಿದರೆ, ಹತ್ತಡಿ-ಹನ್ನೆರಡಡಿ ಜಾಗದಲ್ಲಿ ಸಾವಿರ ಲೀಟರ್ ಹತ್ತಿರ ಒಳಗೇ ನಿಲ್ಲುತ್ತದೆ. ದೊಡ್ಡ ಕ್ಯಾನಿನಲ್ಲಿ ಹಿಡಿಯುವುದಕ್ಕಿಂತ ಹತ್ತು ಪರ್ಸೆಂಟ್ ಜಾಸ್ತಿ ನಿಲ್ಲಬೇಕು ಅನ್ನುವುದು ರೂಢಿಯ ಲೆಕ್ಕ. ನಿಮಗೆ ಧಾರಾಳ ಆಯಿತು. ಆದರೆ ಬ್ಲೀಚೂ ಆಸಿಡ್ಡೂ ಒಂದೇ ಕಟ್ಟೆಯೊಳಗಿದ್ದರೆ ಎರಡನ್ನೂ ನೀವೇ ತೊಟ್ಟಿ ಕಟ್ಟಿ ಕಲಸಿದ ಹಾಗಾಗುತ್ತದೆ. ಅದಕ್ಕೇ ಮೊದಲು ಬೇರೆ ಮಾಡಿ ಅಂದದ್ದು.

ಇನ್ನು ಚೆಲ್ಲಿದಾಗ. ಯಾವುದನ್ನು ನಾವು ಒರೆಸುತ್ತೇವೆ, ಯಾವುದನ್ನು ಬಿಟ್ಟು ಓಡುತ್ತೇವೆ ಅನ್ನುವುದನ್ನು ಚೆಲ್ಲುವ ಮೊದಲೇ ತೀರ್ಮಾನ ಮಾಡಿ. ಚೆಲ್ಲಿದ ಮೇಲೆ ತೀರ್ಮಾನ ಮಾಡುವಷ್ಟು ತಲೆ ಯಾರಿಗೂ ಓಡುವುದಿಲ್ಲ. ನನ್ನ ಲೆಕ್ಕ ಇದು. ಒಂದೇ ಕೆಮಿಕಲ್, ಗೊತ್ತಿರುವ ಕೆಮಿಕಲ್, ಒಂದು ಬಕೆಟ್‌ಗಿಂತ ಕಡಿಮೆ, ಘಾಟು ಇಲ್ಲ: ಗ್ಲೌಸ್, ಗಾಗಲ್ಸ್, ಗಮ್‌ಬೂಟ್ ಹಾಕಿ ಇಬ್ಬರು ಸೇರಿ ಕ್ಲೀನ್ ಮಾಡಿ. ಒಂದು ಪೂರ್ತಿ ಕ್ಯಾನ್ ಹೋಯಿತು: ಮಾಸ್ಟರ್ ಹೇಳುವ ತನಕ ಯಾರೂ ಮುಟ್ಟಬಾರದು. ಎರಡು ಕೆಮಿಕಲ್ ಸೇರಿದೆ, ಇಲ್ಲಾ ಕಣ್ಣು ಕತ್ತರಿಸುವ ವಾಸನೆ ಬಂತು: ಮೇನ್ ಸ್ವಿಚ್ ದಾರಿಯಲ್ಲೇ ಇದ್ದರೆ ಆಫ್, ಎಲ್ಲರೂ ಹೊರಗೆ, 112ಕ್ಕೆ ಫೋನ್. ಓಡುವುದು ಗಾಳಿ ಬರುವ ದಿಕ್ಕಿಗೆ. ಗೇಟಿನ ಕಂಬಕ್ಕೆ ಒಂದು ಹಳೇ ದುಪಟ್ಟಾ ಕಟ್ಟಿ, ಗಾಳಿ ಯಾವ ಕಡೆ ಅಂತ ಅದೇ ಹೇಳುತ್ತದೆ. ಮುಖಕ್ಕೆ ಟವೆಲ್ ಸುತ್ತಿಕೊಂಡು ಒಳಗೆ ನುಗ್ಗುವ ಧೈರ್ಯವಂತರು ಪ್ರತಿ ಫ್ಯಾಕ್ಟರಿಯಲ್ಲೂ ಒಬ್ಬರಿರುತ್ತಾರೆ. ಅವರ ಹೆಸರು ನಿಮಗೇ ಗೊತ್ತಿರುತ್ತದೆ. ಮೊದಲು ಕೂರಿಸಿ ಹೇಳಬೇಕಾದ್ದು ಅವರಿಗೇ. ಟವೆಲ್ ಕ್ಲೋರಿನ್‌ನ ತಡೆಯುವುದಿಲ್ಲ.

ಓಡಿದವನಿಗೆ ಬೈಗುಳ ಇಲ್ಲ, ಹಾಜರಿ ಕಟ್ ಇಲ್ಲ ಅಂತ ಓನರ್ ಬಾಯಿಂದಲೇ ಎಲ್ಲರೆದುರು ಹೇಳಿಸಿ. ಇದಕ್ಕಿಂತ ದೊಡ್ಡ ಸೇಫ್ಟಿ ಸಾಮಾನು ನಾನು ಕಂಡಿಲ್ಲ.

ಬ್ಲೀಚ್ ಕ್ಯಾನ್ ಒಡೆದರೆ ಮೊದಲ ಕೆಲಸ ಸೀಳು ಮೇಲೆ ಬರುವ ಹಾಗೆ ಕ್ಯಾನನ್ನು ಹೊರಳಿಸುವುದು. ಸೋರುವುದು ಅಲ್ಲೇ ನಿಲ್ಲುತ್ತದೆ. ಪಕ್ಕದಲ್ಲೇ ಒಂದು ದೊಡ್ಡ ಪ್ಲಾಸ್ಟಿಕ್ ಟಬ್ ಖಾಲಿ ಇಟ್ಟಿರಿ, ಒಡೆದ ಕ್ಯಾನನ್ನು ಹಾಗೇ ಅದರಲ್ಲಿ ಕೂರಿಸಿ. ನೆಲದ ಮೇಲಿನದಕ್ಕೆ ಮರಳಿನ ಕಟ್ಟೆ ಹಾಕಿ, ಕಿಟಕಿ-ಬಾಗಿಲು ತೆಗೆದು, ನೀರು ಬೆರೆಸಿ ತೆಳು ಮಾಡಿ, ಆಮೇಲೆ ಸೋಡಿಯಂ ಥಯೋಸಲ್ಫೇಟ್ ಕರಗಿಸಿದ ನೀರು ಹಾಕಿ. ಗಟ್ಟಿ ಬ್ಲೀಚ್ ಮೇಲೆ ಮೆಟಾ ಪುಡಿ ನೇರ ಸುರಿಯಬೇಡಿ, ಕುದಿಯುತ್ತದೆ. ಇನ್ನೊಂದು, ಕೆಲವರು ಥಯೋಸಲ್ಫೇಟ್‌ಗೂ ಹೈಪೋ ಅಂತಾರೆ, ಬ್ಲೀಚಿಗೂ ಹೈಪೋ ಅಂತಾರೆ. ಡಬ್ಬಿ ಮೇಲೆ ಪೂರ್ತಿ ಹೆಸರು ಬರೆಸಿ. ಕನ್ನಡ, ತೆಲುಗು, ಹಿಂದಿ ಮೂರರಲ್ಲೂ. ಓದು ಬಾರದವರಿಗೆ ಬಣ್ಣದ ಪಟ್ಟಿ.

ಅಸಿಟಿಕ್ ಚೆಲ್ಲಿದರೆ ಸೋಡಾ ಆಶ್. ಅದು ನಿಮ್ಮಲ್ಲೇ ಇದೆ. ಅಂಚಿನಿಂದ ನಡುವಿಗೆ ಉದುರಿಸುತ್ತಾ ಬನ್ನಿ, ನೊರೆ ನಿಲ್ಲುವ ತನಕ. ಕಾಸ್ಟಿಕ್ ಹರಳು ಚೆಲ್ಲಿದರೆ ನೀರು ಹಾಕಬೇಡಿ, ಸುಡುವ ಬಿಸಿ ಏಳುತ್ತದೆ. ಒಣ ಪ್ಲಾಸ್ಟಿಕ್ ಮೊರದಲ್ಲಿ ಗುಡಿಸಿ ಒಣ ಬಕೆಟ್‌ಗೆ ಹಾಕಿ. ತಡ ಮಾಡಿದರೆ ಗಾಳಿಯ ತೇವ ಹೀರಿ ನೆಲ ಲೋಳೆಯಾಗಿ ಜಾರುತ್ತದೆ. ಅಲ್ಯೂಮಿನಿಯಂ ಬೋಗುಣಿ ಮಾತ್ರ ಬೇಡ. ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ.

ಹೊಟ್ಟು, ಮರದ ಪುಡಿ, ವೇಸ್ಟ್ ಬಟ್ಟೆ ಇವು ಬ್ಲೀಚ್, ಪೆರಾಕ್ಸೈಡ್, ಪಿಪಿ ಮೂರರ ಹತ್ತಿರವೂ ಬೇಡ. ಒಣ ಮರಳು ಸಾಕು. ಮುಚ್ಚಳ ಇರುವ ಎರಡು ಡ್ರಮ್‌ನಲ್ಲಿ ತುಂಬಿ ಸ್ಟೋರ್‌ನ ಹೊರಗಿಡಿ. ಕಿಟ್ ಒಳಗಿಟ್ಟು ಬೀಗ ಹಾಕಿದ ಫ್ಯಾಕ್ಟರಿಗಳನ್ನೂ ನೋಡಿದ್ದೇನೆ. ಬೀಗದ ಕೈ ಊಟಕ್ಕೆ ಹೋಗಿರುತ್ತದೆ.

ಅಂದ ಹಾಗೆ, ಅವತ್ತು ಬ್ಲೀಚ್ ಹೀರಿದ ಹೊಟ್ಟನ್ನು ಆಮೇಲೆ ಎಲ್ಲಿ ಹಾಕಿದಿರಿ?

ಕೌಲ್‌ಬಜಾರ್_ವಾಷಿಂಗ್ ಉತ್ತರ:

ಸರ್, ನೀವು ಹೇಳಿದ್ದು ಒಂದೂ ಸುಳ್ಳಲ್ಲ. ಆದರೆ ನೀವು ದೊಡ್ಡ ಪ್ಲಾಂಟ್‌ನವರು. ಇಲ್ಲಿ ನಾವು ಜಾಬ್‌ವರ್ಕ್ ಮಾಡುವವರು, ಪ್ಯಾಂಟಿಗೆ ಇಷ್ಟು ಅಂತ ರೇಟು. ಬಿಲ್ಡಿಂಗ್ ಬಾಡಿಗೆಯದು. ಕಟ್ಟೆ ಕಟ್ಟುತ್ತೇನೆ ಅಂದರೆ ಮಾಲೀಕರು ಬೇಡ ಅಂತಾರೆ. ಚೆಕಿಂಗ್‌ಗೆ ಬಂದವರು ನಮ್ಮ ಹತ್ತಿರ ಕೇಳುವುದು ಇಟಿಪಿ ಒಂದೇ. ಚೆಲ್ಲಿದರೆ ಏನು ಮಾಡುತ್ತೀರಿ ಅಂತ ಇವತ್ತಿಗೂ ಯಾರೂ ಕೇಳಿಲ್ಲ. ಇಷ್ಟು ವರ್ಷ ನಡೆದಿದೆ, ಎಲ್ಲರೂ ಹುಷಾರಾಗೇ ಇದ್ದಾರೆ. ಕೆಲಸಕ್ಕೆ ಹುಡುಗರು ಸಿಗುವುದೇ ಕಷ್ಟ, ಬೂಟು ಗಾಗಲ್ಸ್ ಹಾಕು ಅಂದರೆ "ಸೆಖೆ ಅಣ್ಣಾ" ಅಂತ ತೆಗೆದಿಡುತ್ತಾರೆ.

ಪಿಕ್ಲಿಂಗ್_ಲೈನ್ ಉತ್ತರ:

ಅಣ್ಣ, ಸೆಖೆ ನಿಜ. ದಿನವಿಡೀ ಹಾಕು ಅಂದರೆ ನಾನೂ ಹಾಕುವುದಿಲ್ಲ. ಕ್ಯಾನ್ ಇಳಿಸುವಾಗ, ಬಗ್ಗಿಸುವಾಗ, ಪಿಪಿ ಸ್ಪ್ರೇ ಮಾಡುವಾಗ ಗಾಗಲ್ಸ್ ಕಡ್ಡಾಯ ಮಾಡಿ ನೋಡಿ. ಕಣ್ಣು ಹೋಗುವುದು ಆ ಹೊತ್ತಿನಲ್ಲೇ.

ಬಾಡಿಗೆ ಬಿಲ್ಡಿಂಗ್ ಆದರೆ ಕಟ್ಟೆ ಬೇಡ. ಒಂದೊಂದು ಜಾತಿ ಕ್ಯಾನ್ ಕೆಳಗೆ ಒಂದೊಂದು ಅಗಲದ ಪ್ಲಾಸ್ಟಿಕ್ ಟ್ರೇ ಇಡಿ. ಮನೆ ಬದಲಿಸಿದರೆ ಅದನ್ನೂ ಹೊತ್ತುಕೊಂಡು ಹೋಗಬಹುದು. ಮರಳು, ಸೋಡಾ ಆಶ್, ಟಬ್, ಪ್ಲಾಸ್ಟಿಕ್ ಮೊರ, ಇದರಲ್ಲಿ ದುಬಾರಿ ಯಾವುದು ಹೇಳಿ? ಗ್ಲೌಸ್ ಮಾತ್ರ ಬಟ್ಟೆಯದು ಬೇಡ, ನೈಟ್ರೈಲ್ ಇಲ್ಲಾ ಪಿವಿಸಿ ತೆಗೆದುಕೊಳ್ಳಿ.

ಯಾರೂ ಕೇಳಿಲ್ಲ ಅಂದಿರಿ. 1984ರಲ್ಲಿ ಭೋಪಾಲ್ ಆದ ಮೇಲೆ, 1987ರಲ್ಲಿ ಫ್ಯಾಕ್ಟರಿ ಕಾನೂನಿಗೆ ತಿದ್ದುಪಡಿ ತಂದು ಅಪಾಯಕಾರಿ ಕೆಲಸಗಳ ಬಗ್ಗೆ ಒಂದು ಅಧ್ಯಾಯವನ್ನೇ ಸೇರಿಸಿದರು. 1989ರಲ್ಲಿ ಕೆಮಿಕಲ್ ನಿಯಮಗಳು ಬಂದವು. ಕೇಳುವವರು ಬಾರದಿದ್ದರೂ ನೀವು ಕೇಳಬಹುದಲ್ವಾ? ಕೆಮಿಕಲ್ ಮಾರುವವರ ಹತ್ತಿರ ಪ್ರತಿಯೊಂದಕ್ಕೂ ಸೇಫ್ಟಿ ಡೇಟಾ ಶೀಟ್ ಕೇಳಿ. ಹದಿನಾರು ಭಾಗ ಇರುತ್ತದೆ, ಎಲ್ಲ ಓದಬೇಕಾಗಿಲ್ಲ. 4ರಲ್ಲಿ ಪ್ರಥಮ ಚಿಕಿತ್ಸೆ, 6ರಲ್ಲಿ ಚೆಲ್ಲಿದರೆ ಏನು, 10ರಲ್ಲಿ ಯಾವುದರ ಜೊತೆ ಸೇರಬಾರದು. ಈ ಮೂರನ್ನು ಕನ್ನಡದಲ್ಲಿ ಬರೆಸಿ ಗೋಡೆಗೆ ಅಂಟಿಸಿ. ಶೀಟ್ ಕೊಡದ ಅಂಗಡಿಯಲ್ಲಿ ನಾನಾಗಿದ್ದರೆ ಕೆಮಿಕಲ್ ಕೊಳ್ಳುತ್ತಿರಲಿಲ್ಲ.

ಸಿಸ್ಟರ್_ರಾಯಚೂರು ಉತ್ತರ:

ನಾನು ರಾಯಚೂರಿನಲ್ಲಿ ಕ್ಯಾಶುಯಾಲ್ಟಿಯಲ್ಲಿ ಕೆಲಸ ಮಾಡುತ್ತೇನೆ. ಕಾಸ್ಟಿಕ್ ಬಿದ್ದ ಕಣ್ಣಿಗೆ ಹರಳೆಣ್ಣೆ ಬಿಟ್ಟುಕೊಂಡು ಬರುತ್ತಾರೆ. ತುಪ್ಪ ಸವರಿಕೊಂಡು ಬರುತ್ತಾರೆ. ಆಸಿಡ್ ಬಿದ್ದರೆ ಸುಣ್ಣದ ನೀರು, ಕಾಸ್ಟಿಕ್ ಬಿದ್ದರೆ ನಿಂಬೆಹುಳಿ ಅನ್ನುವವರೂ ಇದ್ದಾರೆ. ಯಾವುದೂ ಬೇಡ. ಬರೀ ನೀರು. ಆಗಲೇ, ಅಲ್ಲೇ, ಕಡಿಮೆ ಅಂದರೆ 15-20 ನಿಮಿಷ. ಕಾಸ್ಟಿಕ್ ಆದರೆ ಇನ್ನೂ ಜಾಸ್ತಿ ಹೊತ್ತು. ಆಸಿಡ್ ಮೇಲಿನ ಪದರವನ್ನು ಸುಟ್ಟು ಅಲ್ಲೇ ನಿಲ್ಲಬಹುದು, ಕಾಸ್ಟಿಕ್ ಮಾತ್ರ ಒಳಗೆ ಒಳಗೆ ಇಳಿಯುತ್ತಾ ಹೋಗುತ್ತದೆ. ಆಟೋ ಹುಡುಕುವುದು ಆಮೇಲೆ. ರೆಪ್ಪೆಯನ್ನು ಬೆರಳಿಂದ ಬಿಡಿಸಿ ಹಿಡಿಯಲು ಒಬ್ಬರು ಬೇಕು. ನೋವಿಗೆ ಅವರಾಗಿ ಕಣ್ಣು ಬಿಡಲು ಆಗುವುದಿಲ್ಲ. ಮೈಮೇಲೆ ಬಿದ್ದರೆ ಬಟ್ಟೆ ಬಿಚ್ಚಲೇಬೇಕು. ಹೆಣ್ಣುಮಕ್ಕಳು ನಾಚಿಕೆಯಿಂದ ಒದ್ದೆ ಚೂಡಿದಾರದಲ್ಲೇ ಆಸ್ಪತ್ರೆ ತನಕ ಬರುತ್ತಾರೆ, ಅಷ್ಟು ಹೊತ್ತೂ ಸುಡುತ್ತಿರುತ್ತದೆ. ಒಂದು ಪರದೆ, ಎರಡು ನೈಟಿ, ಎರಡು ಲುಂಗಿ ಕಿಟ್ ಜೊತೆಗೇ ಇಡಿ. ಯಾವ ಕ್ಯಾಟಲಾಗ್‌ನಲ್ಲೂ ಇದು ಇರುವುದಿಲ್ಲ.

ಗ್ಯಾಸ್ ಕುಡಿದವರಿಗೆ ಬೆಲ್ಲ, ಬಾಳೆಹಣ್ಣು, ಹಾಲು ಕೊಟ್ಟು ಮನೆಗೆ ಕಳಿಸಬೇಡಿ. ಕ್ಲೋರಿನ್ ಕುಡಿದವರು ಮೊದಲು ಚೆನ್ನಾಗೇ ಇರಬಹುದು. ಕೆಲವು ಗಂಟೆ ಆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿ ರಾತ್ರಿ ಉಸಿರು ಕಟ್ಟಿಕೊಂಡು ಬರುತ್ತಾರೆ. ಕೆಮ್ಮು ನಿಲ್ಲದವರನ್ನು 108 ಕರೆಸಿ ಕಳಿಸಿ. ಬಳ್ಳಾರಿಯಲ್ಲಿ ಎಲ್ಲರೂ ವಿಮ್ಸ್ ಅನ್ನುವ ಮೆಡಿಕಲ್ ಕಾಲೇಜ್ ಆಸ್ಪತ್ರೆ ಹತ್ತಿರದಲ್ಲೇ ಇದೆಯಲ್ಲ. ಯಾವ ಕೆಮಿಕಲ್ ಅಂತ ಬರೆದ ಚೀಟಿಯನ್ನು ಜೊತೆಗೆ ಬಂದವರ ಕೈಗೆ ಕೊಡಿ. "ಏನೋ ಕೆಮಿಕಲ್ ಬಿತ್ತು" ಅಂದರೆ ಡಾಕ್ಟರಾದರೂ ಏನು ಮಾಡಬೇಕು?

ಸ್ಟೋರ್_ಬಳ್ಳಾರಿ ಉತ್ತರ:

ಸಿಸ್ಟರ್, ನೈಟಿ ವಿಷಯ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ತುಂಬಾ ಥ್ಯಾಂಕ್ಸ್.

ಪಿಕ್ಲಿಂಗ್ ಸರ್, ಹೊಟ್ಟಿನ ವಿಷಯ ಕೇಳಿದಿರಿ. ಹುಡುಗರನ್ನು ಕೇಳಿದೆ. ಒದ್ದೆ ಹೊಟ್ಟನ್ನು ಗುಡಿಸಿ ಬಾಯ್ಲರ್ ಪಕ್ಕದ ರಾಶಿಗೇ ವಾಪಸ್ ಹಾಕಿದ್ದಾರೆ! ಈಗ ಏನು ಮಾಡಲಿ?

ಬಕೆಟ್ ನೀರು ಸುರಿದು ನೋಡಿದೆವು. ಅರ್ಧ ವಾಷರ್ ಕಡೆ ಹೋಯಿತು, ಅರ್ಧ ಬಾಗಿಲ ಎಡಕ್ಕೆ ತಿರುಗಿ ಹೊರಗಿನ ಮಳೆ ಮೋರಿಗೆ ಹೋಯಿತು. ಆ ಮೋರಿ ಮುಂದೆ ಹೊಲದ ಕಡೆ ಹೋಗುತ್ತದೆ. ಓನರ್ ನೋಡಿ ಮಾತೇ ಆಡಲಿಲ್ಲ. ಬ್ಲೀಚ್‌ಗೆ ಹೊರಗೆ ಶೀಟು ಹಾಕಿಸಲು ಒಪ್ಪಿದ್ದಾರೆ.

ಕಣ್ಣು ತೊಳೆಯಲು ನಲ್ಲಿ ಸಾಕಾ, ಬೇರೆ ಏನಾದರೂ ಬೇಕಾ?

ಪಿಕ್ಲಿಂಗ್_ಲೈನ್ ಉತ್ತರ:

ಆ ರಾಶಿಯಲ್ಲಿ ಒದ್ದೆ ಬಿದ್ದ ಭಾಗವನ್ನು ಪ್ಲಾಸ್ಟಿಕ್ ಸಲಿಕೆಯಿಂದ ಬೇರೆ ತೆಗೆಸಿ. ಬಾಯ್ಲರ್‌ನಿಂದ ದೂರ, ಬಯಲಲ್ಲಿ ಹರಡಿ, ಜಾಸ್ತಿ ನೀರು ಹಾಕಿ ತೊಳೆದು, ಆ ನೀರನ್ನು ಇಟಿಪಿಗೆ ಸ್ವಲ್ಪ ಸ್ವಲ್ಪವಾಗಿ ಬಿಡಿ. ಒಂದೇ ಸಲ ಬಿಟ್ಟರೆ ಏರೇಷನ್ ಟ್ಯಾಂಕಿನ ಬ್ಯಾಕ್ಟೀರಿಯಾ ಸತ್ತು ಇಟಿಪಿ ಮಲಗುತ್ತದೆ. ಆ ಹೊಟ್ಟನ್ನು ಉರಿಸಬೇಡಿ. ಮಳೆ ಮೋರಿ ಬಾಯಿಗೆ ಮುಚ್ಚಲು ದಪ್ಪ ರಬ್ಬರ್ ಮ್ಯಾಟ್, ಅದರ ಮೇಲೆ ಹೇರಲು ನಾಲ್ಕು ಮರಳು ಮೂಟೆ ಅಲ್ಲೇ ಪಕ್ಕದಲ್ಲಿ ಇರಲಿ.

ನಲ್ಲಿ ಸಾಲದು. ಕಣ್ಣು ತೊಳೆಯುವ ಬೇಸಿನ್‌ಗೆ ನಿಮಿಷಕ್ಕೆ ಒಂದೂವರೆ ಲೀಟರ್ ಬೇಕು, 15 ನಿಮಿಷ ಅಂದರೆ ಸುಮಾರು 23 ಲೀಟರ್. ಅಪಾಯ ಇರುವ ಜಾಗದಿಂದ 10 ಸೆಕೆಂಡ್‌ನಲ್ಲಿ ತಲುಪುವ ಹಾಗಿರಬೇಕು. ದಾರಿಯಲ್ಲಿ ಪ್ಯಾಂಟಿನ ಮೂಟೆ ಇರಬಾರದು. ಅರ್ಧ ಲೀಟರ್ ಐ-ವಾಷ್ ಬಾಟಲ್ ಮಾರುತ್ತಾರೆ, ಅದು ಬೇಸಿನ್ ಹತ್ತಿರ ಹೋಗುವ ತನಕ ಮಾತ್ರ. ಮೈ ತೊಳೆಯುವ ಸೇಫ್ಟಿ ಶವರ್‌ಗೆ ನಿಮಿಷಕ್ಕೆ 75 ಲೀಟರ್ ಲೆಕ್ಕ. ಹದಿನೈದು ನಿಮಿಷಕ್ಕೆ ಸಾವಿರದ ನೂರು ದಾಟುತ್ತದೆ. ನಿಮ್ಮ ಮಹಡಿ ಮೇಲಿನದು ಸಾವಿರ ಲೀಟರ್ ಟ್ಯಾಂಕ್ ಆದರೆ, ಪೂರ್ತಿ ತುಂಬಿದ್ದರೂ ಒಬ್ಬರಿಗೆ ಸಾಲದು. ಟ್ಯಾಂಕರ್ ಬಾರದ ದಿನ ಕೆಮಿಕಲ್ ಇಳಿಸುವ ಕೆಲಸ ಇಟ್ಟುಕೊಳ್ಳಬೇಡಿ.

ಇನ್ನೊಂದು. ಮೇ ತಿಂಗಳಲ್ಲಿ ಮಧ್ಯಾಹ್ನ ಮಹಡಿ ಟ್ಯಾಂಕಿನ ನೀರಿಗೆ ಕೈ ಇಟ್ಟು ನೋಡಿ. ಆ ನೀರನ್ನು ಕಣ್ಣಿಗೆ ಬಿಡಲು ಆಗುತ್ತದಾ? 38 ಡಿಗ್ರಿ ದಾಟಿದ ನೀರು ಕಣ್ಣಿಗೆ ಬೇಡ. ಐ-ವಾಷ್‌ಗೆ ಮಾತ್ರ ಒಂದು ಸಣ್ಣ ಟ್ಯಾಂಕ್ ನೆರಳಲ್ಲಿ ಬೇರೆ ಇಡಿ, ಪೈಪಿಗೆ ಗೋಣಿ ಸುತ್ತಿ. ವಾರಕ್ಕೊಮ್ಮೆ ಬಿಟ್ಟು ನೋಡಿ, ಪೈಪಿನಲ್ಲಿ ನಿಂತ ತುಕ್ಕು ನೀರು ಹೋಗಲಿ.

ಕೌಲ್‌ಬಜಾರ್_ವಾಷಿಂಗ್ ಉತ್ತರ:

ನಾನೂ ಬಕೆಟ್ ಸುರಿದು ನೋಡಿದೆ ಸರ್. ಎಲ್ಲಿಗೆ ಹೋಯಿತು ಅಂತ ಇಲ್ಲಿ ಬರೆಯುವುದಿಲ್ಲ. ಟ್ರೇ ಆರ್ಡರ್ ಮಾಡಿದ್ದೇನೆ.

ಒಂದು ಡೌಟು. ಖಾಲಿ ನೀಲಿ ಡ್ರಮ್, ಕ್ಯಾನ್‌ಗಳನ್ನು ನೀರು ತುಂಬಲು ಅಂತ ಅಕ್ಕಪಕ್ಕದವರು ದುಡ್ಡು ಕೊಟ್ಟು ಒಯ್ಯುತ್ತಾರೆ. ಮೂರು ಸಲ ತೊಳೆದು ಕೊಟ್ಟರೆ ಆಗುತ್ತಲ್ಲ?

ಪಿಕ್ಲಿಂಗ್_ಲೈನ್ ಉತ್ತರ:

ಆಗುವುದಿಲ್ಲ ಅಣ್ಣ. ಪ್ಲಾಸ್ಟಿಕ್ ಕೆಮಿಕಲ್ ಹೀರಿಕೊಂಡಿರುತ್ತದೆ, ಬಿಸಿಲಿಗೆ ವಾಪಸ್ ಬಿಡುತ್ತದೆ. ಅಪಾಯಕಾರಿ ಕೆಮಿಕಲ್ ಇದ್ದ ಖಾಲಿ ಡ್ರಮ್‌ಗಳೂ 2016ರ ಅಪಾಯಕಾರಿ ತ್ಯಾಜ್ಯ ನಿಯಮದೊಳಗೇ ಬರುತ್ತವೆ. ಸಪ್ಲೈಯರ್ ವಾಪಸ್ ತೆಗೆದುಕೊಂಡರೆ ಅವರಿಗೆ ಕೊಡಿ, ಇಲ್ಲವಾದರೆ ಪರ್ಮಿಷನ್ ಇರುವ ರೀಸೈಕ್ಲರ್‌ಗೆ. ಯಾರೂ ನೀರು ತುಂಬದ ಹಾಗೆ ತೊಳೆದ ಮೇಲೆ ತಳಕ್ಕೆ ಡ್ರಿಲ್‌ನಲ್ಲಿ ಎರಡು ತೂತು ಹಾಕಿಸಿ ಇಡಿ. ಪೆರಾಕ್ಸೈಡ್ ಕ್ಯಾನ್‌ಗೆ ತೂತು ಹಾಕುವ ಮೊದಲು ನೀರು ತುಂಬಿ ಪೂರ್ತಿ ತೊಳೆದಿರಬೇಕು, ಅದೊಂದು ನೆನಪಿರಲಿ.